ಸಂಪಾದಕರ ಉತ್ತರ: ಕೋರಂ ಇರಲಿ ಬಿಡಿ, ಮಾಸ್ತರರೇ

ಗಂಗಾವತಿ ಕಡೆಯ ನಿವೃತ್ತ ಮಾಸ್ತರರೊಬ್ಬರು ಪತ್ರ ಬರೆದಿದ್ದಾರೆ. ಅವರೂರಿನ ಗ್ರಾಮಸಭೆ ‘ಕೋರಂ ಇಲ್ಲ’, ಅಂದರೆ ಸಭೆ ನಡೆಸಲು ಬೇಕಾದಷ್ಟು ಮಂದಿ ಸೇರಿಲ್ಲ ಎಂದು ಮುಂದಕ್ಕೆ ಹೋಯಿತಂತೆ. “ಈ ಕೋರಂ ಯಾವ ದೇಶದ ಮಾತು? ಗಣಪೂರ್ತಿ ಎಂಬ ಚಂದದ ಕನ್ನಡ ಪದ ಇರುವಾಗ ಇದನ್ನು ಯಾಕೆ ಹೊತ್ತು ತಿರುಗಬೇಕು?” ಎಂದು ಕೇಳಿದ್ದಾರೆ.

ಮಾಸ್ತರರೇ, ಸಭೆಯ ನೋಟಿಸು, ನಡಾವಳಿ ಎಲ್ಲ ಕನ್ನಡದಲ್ಲೇ ಇರಬೇಕು ಅನ್ನುತ್ತೀರಿ. ಅದಕ್ಕೆ ನನ್ನ ಸಹಿಯೂ ಇದೆ. ಆದರೆ ಗಣಪೂರ್ತಿ ಕನ್ನಡ ಅಂದಿರಲ್ಲ, ಅಲ್ಲಿ ನನ್ನ ತಕರಾರು. ಗಣವೂ ಸಂಸ್ಕೃತ, ಪೂರ್ತಿಯೂ ಸಂಸ್ಕೃತ. (ತಕರಾರು ಅರಬ್ಬಿ, ಇರಲಿ.) ನಮ್ಮ ಅರ್ಜಿ, ಹಾಜರಿ, ವಕೀಲ, ತಹಶೀಲು ಕೂಡ ಅರಬ್ಬಿಯಿಂದ ಬಂದವೇ. ರಾಯಚೂರು, ಕೊಪ್ಪಳ 1948ರವರೆಗೆ ನಿಜಾಮರ ಕೈಯಲ್ಲಿದ್ದವು, ಕಚೇರಿಯಲ್ಲಿ ಉರ್ದು. ಬಳ್ಳಾರಿ 1800ರಲ್ಲೇ ಇಂಗ್ಲಿಷರ ಪಾಲಾಗಿತ್ತು, ಅಲ್ಲಿ ಇಂಗ್ಲಿಷು. ಅಷ್ಟೇಕೆ, ಮಸ್ಕಿಯ ಬಂಡೆ ಮೇಲೆ, ಕೊಪ್ಪಳದ ಗವಿಮಠದ ಬಂಡೆ ಮೇಲೆ ಅಶೋಕ ನಮ್ಮ ಜನಕ್ಕೆ ಬರೆಸಿದ್ದೂ ಪ್ರಾಕೃತದಲ್ಲಿ. ಈ ಸೀಮೆಯವರು ಬಂದ ಮಾತನ್ನೆಲ್ಲ ಕೇಳಿದರು, ಬೇಕಾದ್ದನ್ನು ಇಟ್ಟುಕೊಂಡರು. ನಮ್ಮ ಕಡೆ ಓದು ಬಾರದ ಮುದುಕಿಯೂ “ಕೋರಂ ಆಗಿಲ್ಲಂತ, ನಡಿ ಮನಿಗೆ” ಅನ್ನುತ್ತಾಳೆ. ಆಕೆಗೆ ಗಣಪೂರ್ತಿ ಅಂದು ನೋಡಿ. ಗಣ ಅಂದ್ರೆ ಶಿವಗಣ ಅಂದುಕೊಂಡು ಕೈ ಮುಗಿದಾಳು!

ಈಗ ಹುಟ್ಟಿನ ವಿಚಾರಕ್ಕೆ ಬರೋಣ. ಲ್ಯಾಟಿನ್ನಿನಲ್ಲಿ ‘ಕ್ವೋರುಂ’ ಅಂದರೆ ‘ಯಾರ ಪೈಕಿ’. ಅಷ್ಟೇ, ಒಂದು ಸರ್ವನಾಮ. ಹಿಂದೆ ಇಂಗ್ಲೆಂಡಿನಲ್ಲಿ ಊರ ನ್ಯಾಯ ನೋಡುವವರನ್ನು ರಾಜಾಜ್ಞೆಯಿಂದ ನೇಮಿಸುತ್ತಿದ್ದರು. ಆ ಆಜ್ಞೆ ಲ್ಯಾಟಿನ್ನಿನಲ್ಲಿ ಇರುತ್ತಿತ್ತು. ಎಲ್ಲರ ಹೆಸರು ಬರೆದು, ಕೊನೆಗೆ “ಯಾರ ಪೈಕಿ ಇಂಥವರು ಒಬ್ಬರಾದರೂ ಇರಬೇಕು” ಎಂದು ಸೇರಿಸುತ್ತಿದ್ದರು. ಇಂಥವರು ಅಂದರೆ ಕಾನೂನು ಬಲ್ಲವರು. ಅವರಿಲ್ಲದೆ ದೊಡ್ಡ ವಿಚಾರಣೆ ನಡೆಯುವಂತಿರಲಿಲ್ಲ. ಅಂದರೆ ಮೊದಲು ಎಷ್ಟು ಮಂದಿ ಎಂಬ ಪ್ರಶ್ನೆಯೇ ಇರಲಿಲ್ಲ, ಯಾರು ಬಂದಿದ್ದಾರೆ ಎಂಬುದೇ ಮುಖ್ಯ. ಆಮೇಲೆ ಮರ್ಯಾದೆಗೆಂದು ಹೆಚ್ಚುಕಡಿಮೆ ಎಲ್ಲರ ಹೆಸರನ್ನೂ ಆ ಪಟ್ಟಿಗೆ ಸೇರಿಸಿ ಅದರ ಕಿಮ್ಮತ್ತು ಕಳೆದರು. ತಲೆ ಎಣಿಸುವ ಅರ್ಥ ಬಂದದ್ದು 17ನೇ ಶತಮಾನದಲ್ಲಿ.

ನಮ್ಮ ಸಂವಿಧಾನಕ್ಕೂ ಬಂದದ್ದು ಈ ಎಣಿಕೆಯೇ. ಲೋಕಸಭೆಗೆ ಹತ್ತರಲ್ಲೊಂದು ಪಾಲು. ವಿಧಾನಸಭೆಗೆ ಹತ್ತು ಮಂದಿ ಅಥವಾ ಹತ್ತರಲ್ಲೊಂದು ಪಾಲು, ಯಾವುದು ಜಾಸ್ತಿಯೋ ಅದು. ನಮ್ಮ 224 ಶಾಸಕರಲ್ಲಿ 23 ಮಂದಿ ಕೂತರೆ ಸಾಕು. ಅಷ್ಟಕ್ಕೂ ಬೆಲ್ ಹೊಡೆದು ಕರೆಯಬೇಕಾಗುತ್ತದೆ.

ಕೆಳಗಿನ ಕಥೆ ಇನ್ನೂ ಚಂದ. ನಮ್ಮ ಕಡೆಯ ಒಂದು ಸಹಕಾರ ಸಂಘದ ವಾರ್ಷಿಕ ಸಭೆಗೆ ಹೋಗಿದ್ದೆ. ಶಾಮಿಯಾನದ ಕೆಳಗೆ ಕುರ್ಚಿಗಳೇ ಜಾಸ್ತಿ. ಗುಮಾಸ್ತ ಹಾಜರಿ ಪುಸ್ತಕ ಬಗಲಿಗಿಟ್ಟುಕೊಂಡು ಎದುರಿನ ಹೋಟೆಲಿಗೆ ಹೋದ. ಮಂಡಕ್ಕಿ ಮಿರ್ಚಿ ತಿನ್ನುತ್ತಿದ್ದವರು ಬಲಗೈ ಎಂಜಲು ಅಂತ ಎಡಗೈಯಲ್ಲೇ ಸಹಿ ಗೀಚಿದರು. ಹಾಳೆಯ ಮೇಲೆ ಎಣ್ಣೆ ಕಲೆ ಬಿತ್ತು, ಕೋರಂ ಆಯಿತು. ಲೆಕ್ಕಪತ್ರಕ್ಕೆ ಸರ್ವಾನುಮತದ ಒಪ್ಪಿಗೆ. ಸಾಲದ ಬಗ್ಗೆ ಕೇಳಬೇಕೆಂದು ಬಂದಿದ್ದ ರೈತ ಬಾಯಿ ತೆರೆಯುವಷ್ಟರಲ್ಲಿ ವಂದನಾರ್ಪಣೆ ಶುರುವಾಗಿತ್ತು.

ಇದಕ್ಕೆ ಸಿಟ್ಟು ಬರಬೇಕಿತ್ತು ನಿಮಗೆ. ಕಾಲುವೆ ಕೊನೆಯ ಭಾಗದವರಿಗೆ ನೀರು ಬಂದಿಲ್ಲ ಅನ್ನುವ ದಿನ ಸಭೆಯಲ್ಲಿ ಕೊನೆಯ ಭಾಗದವನೊಬ್ಬನೂ ಇರುವುದಿಲ್ಲ. ಕೂಲಿ ಹಣದ ಚರ್ಚೆಗೆ ಕೂಲಿಯವರಿರುವುದಿಲ್ಲ, ಅವರು ಗುಳೆ ಹೋಗಿರುತ್ತಾರೆ. ಪುಸ್ತಕದಲ್ಲಿ ಮಾತ್ರ ಸಂಖ್ಯೆ ಸರಿ ಇರುತ್ತದೆ. ಕನ್ನಡ ಕಾಯುವವರು ಶಬ್ದ ಹಿಡಿದು ಜಗ್ಗಾಡುತ್ತೀರಿ. ಆ ಪುಸ್ತಕವನ್ನು ಯಾರೂ ಬಿಚ್ಚಿ ನೋಡುವುದಿಲ್ಲ.

ಮುಂದಿನ ಗ್ರಾಮಸಭೆಗೆ ನೀವು ಹೋಗೇ ಹೋಗುತ್ತೀರಿ. ಮಾತು ಶುರುವಾಗುವ ಮೊದಲು ಪಂಚಾಯಿತಿ ಅಭಿವೃದ್ಧಿ ಅಧಿಕಾರಿ (ಪಿಡಿಒ) ಹತ್ತಿರ ಹಾಜರಿ ಪುಸ್ತಕ ಇಸಿದುಕೊಂಡು ಹೆಸರುಗಳನ್ನು ಗಟ್ಟಿಯಾಗಿ ಓದಿಸಿ. ಎಷ್ಟು ಮಂದಿ ‘ಹೂಂ’ ಅಂದರು ಅಂತ ನನಗೆ ಬರೆಯಿರಿ. ಗಣಪೂರ್ತಿ ಎಂದೇ ಬರೆಯಿರಿ ಬೇಕಾದರೆ, ಒಂದಕ್ಷರ ತಿದ್ದದೆ ಅಚ್ಚು ಹಾಕುತ್ತೇನೆ.