ಗ್ರೀಕ್ ವಿಗ್ರಹದ ಕಾಲಿಗೆ ಮರದ ಬೊಡ್ಡೆ ಯಾಕೆ?

ಗ್ರೀಕ್ ವಿಗ್ರಹಗಳ ಕಾಲಿಗೆ ಬೊಡ್ಡೆ ಇರುತ್ತದೆ, ಫ್ರೆಂಚ್ ಶಿಲ್ಪಿ ರೋಡಿನ್‌ನ ಕಂಚಿನ ವಿಗ್ರಹಗಳಿಗೆ ಯಾಕಿಲ್ಲ ಎಂದು ಕೇಳಿದ್ದೀರಿ. ನೀವು ನೋಡಿದ ಬೊಡ್ಡೆಗಳಲ್ಲಿ ಹೆಚ್ಚಿನವು ಗ್ರೀಕರದ್ದಲ್ಲ, ರೋಮನ್ ನಕಲುಗಾರರದ್ದು.

ಗ್ರೀಕ್ ಶಿಲ್ಪಿ ಪಾಲಿಕ್ಲೀಟಸ್ ಕ್ರಿ.ಪೂ. 440ರ ಸುಮಾರಿಗೆ ಭರ್ಜಿ ಹಿಡಿದ ಯುವಕನನ್ನು ಮಾಡಿದ್ದು ಕಂಚಿನಲ್ಲಿ. ಆ ಮೂಲ ಉಳಿದಿಲ್ಲ. ನೇಪಲ್ಸ್‌ನಲ್ಲಿರುವುದು ಪಾಂಪೆಯಲ್ಲಿ ಸಿಕ್ಕ ಅಮೃತಶಿಲೆಯ ನಕಲು. ಬಲಗಾಲಿನ ಹಿಂದೆ ಬೊಡ್ಡೆ, ಬಲ ಮುಂಗೈಗೂ ತೊಡೆಗೂ ನಡುವೆ ಒಂದು ಕಲ್ಲಿನ ತುಂಡು. ಎರಡೂ ಆಸರೆಗೆ ಬಿಟ್ಟದ್ದು. ಅಮೃತಶಿಲೆ ಒತ್ತಡ ತಡೆಯುತ್ತದೆ, ಎಳೆತ ಬಾಗು ತಡೆಯುವುದಿಲ್ಲ. ಆಳೆತ್ತರದ ವಿಗ್ರಹ ಸುಮಾರು 200 ಕಿಲೋ ತೂಗುತ್ತದೆ, ಅಷ್ಟೂ ಭಾರ ಬೀಳುವುದು ತೆಳ್ಳನೆಯ ಕಣಕಾಲುಗಳ ಮೇಲೆ. ಆಸರೆ ತೆಗೆದರೆ ಮುರಿಯುವುದು ಅಲ್ಲೇ.

ಕಂಚಿನದು ಒಳಗೆ ಟೊಳ್ಳು. ಹಾಗಾಗಿ ಹಗುರ, ಎಳೆತವನ್ನೂ ತಡೆಯುತ್ತದೆ. ಮಣ್ಣಿನ ಮಾದರಿಯಿಂದ ತುಂಡು ತುಂಡಾಗಿ ಅಚ್ಚು ತೆಗೆದು, ಅದರೊಳಗೆ ಕೆಲವೇ ಮಿಲಿಮೀಟರ್ ದಪ್ಪ ಮೇಣ ಬಳಿದು, ಮಧ್ಯೆ ಜೇಡಿಮಣ್ಣಿನ ತಿರುಳು ತುಂಬುತ್ತಾರೆ. ಆಮೇಲೆ ಮೇಣದ ಹೊರಗೂ ಮಣ್ಣು ಮೆತ್ತಿ, ಕಾಯಿಸಿ ಮೇಣ ಕರಗಿಸಿ, ಅದು ಬಿಟ್ಟ ಸಂದಿಗೆ ಕಂಚು ಹೊಯ್ಯುತ್ತಾರೆ. ತಿರುಳು ಕದಲದಂತೆ ಲೋಹದ ಮೊಳೆ ಚುಚ್ಚಬೇಕು. ಇಲ್ಲದಿದ್ದರೆ ಮೇಣ ಕರಗಿ ಹೋದಾಗ ತಿರುಳು ಒಂದು ಕಡೆ ವಾಲಿ, ಆ ಕಡೆ ಕಂಚು ಹರಿಯದೆ ತೂತು ಬೀಳುತ್ತದೆ. ಅಚ್ಚಿನಲ್ಲಿ ತೇವ ಉಳಿದರೆ ಇನ್ನೂ ಕಷ್ಟ: ಕಾದ ಲೋಹ ತಾಗಿದ ಕೂಡಲೇ ಆವಿಯಾಗಿ ಎರಕದ ತುಂಬ ಗುಳ್ಳೆ. ಗ್ರೀಕರು ಅಂಥ ಕಡೆ ಆಯತಾಕಾರದ ತೇಪೆ ಕೂರಿಸಿ ತಿಕ್ಕಿ ಮುಚ್ಚುತ್ತಿದ್ದರು. ತಲೆ, ಕೈಗಳನ್ನು ಬೇರೆಯಾಗಿ ಎರಕ ಹೊಯ್ದು ಬೆಸೆಯುತ್ತಿದ್ದರು. 1972ರಲ್ಲಿ ಇಟಲಿಯ ರಿಯಾಚೆ ಬಳಿ ಸಮುದ್ರದಲ್ಲಿ ಸಿಕ್ಕ ಇಬ್ಬರು ಯೋಧರನ್ನು ನೋಡಿ: ಬೊಡ್ಡೆಯಿಲ್ಲ, ತುಟಿ ತಾಮ್ರದ್ದು, ಒಬ್ಬನ ಹಲ್ಲು ಬೆಳ್ಳಿಯದು. ಗ್ರೀಕರ ಕೈಚಳಕ ತಿಳಿಯಲು ಹತ್ತು ನಕಲು ನೋಡುವುದಕ್ಕಿಂತ ಇವರಿಬ್ಬರನ್ನು ನೋಡುವುದೇ ಮೇಲು.

ರೋಡಿನ್‌ಗೂ ಕಂಚು ಕೊಟ್ಟದ್ದು ಇದೇ ಸ್ವಾತಂತ್ರ್ಯ. ಅವನ 'ಕಂಚಿನ ಯುಗ'ದ ಯುವಕ ಎಡಗೈಯಲ್ಲಿ ಮೊದಲು ಭರ್ಜಿ ಹಿಡಿದಿದ್ದ. ರೋಡಿನ್ ಅದನ್ನು ತೆಗೆದುಬಿಟ್ಟ, ಮುಷ್ಟಿ ಗಾಳಿಯಲ್ಲೇ ನಿಂತಿತು. 1877ರಲ್ಲಿ ಅದರ ಪ್ಲಾಸ್ಟರ್ ಪ್ರದರ್ಶನಕ್ಕಿಟ್ಟಾಗ, ಜೀವಂತ ಮೈಯಿಂದಲೇ ಅಚ್ಚು ತೆಗೆದಿದ್ದಾನೆಂಬ ಆರೋಪ ಬಂತು. ಅದು ಸುಳ್ಳು ಆರೋಪ.

ಅಮೃತಶಿಲೆಗೆ ಬಂದಾಗ ಮಾತ್ರ ಅವನಿಗೂ ಆಸರೆ ಬೇಕೇ ಬೇಕು. 'ಚುಂಬನ'ದ ಜೋಡಿ ಕುಳಿತಿರುವ ಒರಟು ಬಂಡೆ ಆ ಕೆಲಸ ಮಾಡುತ್ತದೆ, ಆದರೆ ಶಿಲ್ಪದ ಭಾಗವಾಗಿಯೇ. ಗ್ರೀಕ್ ಶಿಲ್ಪಿ ಪ್ರಾಕ್ಸಿಟಲೀಸ್ ಕೂಡ ಪ್ರೇಮದೇವತೆ ಅಫ್ರೊಡೈಟಿಯ ಅಮೃತಶಿಲೆಯ ವಿಗ್ರಹದ ಪಕ್ಕ ನೀರಿನ ಕೊಡವಿಟ್ಟು, ಅದರ ಮೇಲೆ ಬಟ್ಟೆ ಇಳಿಬಿಟ್ಟು ಹೀಗೇ ಮಾಡಿದ್ದ. ಹಾಗಾಗಿ ಆಸರೆ ಕಂಡ ಮಾತ್ರಕ್ಕೆ ನಕಲು ಅನ್ನಬೇಡಿ. ಚಿತ್ರದಲ್ಲಿ ಅದನ್ನು ಬೆರಳಿಂದ ಮುಚ್ಚಿ ನೋಡಿ: ನಿಲುವಿಗೆ ಏನೂ ಕೊರತೆಯಾಗದಿದ್ದರೆ, ಮೂಲ ಕಂಚಿನದ್ದಾಗಿರುವ ಸಾಧ್ಯತೆ ಹೆಚ್ಚು.