ಲಾರಾ ಡೀಸೆಲ್ ಡಿಎಸ್‌ಜಿ ಗೇರ್‌ಬಾಕ್ಸ್ ಆಯಿಲ್ ಮನೇಲೇ ಬದಲಾಯಿಸ್ಬಹುದಾ?

ನಿಮ್ದು ಸ್ಕೋಡಾ ಲಾರಾ 2.0 ಡೀಸೆಲ್, ಆರು ಗೇರಿನ ಡಿಎಸ್‌ಜಿ (ಎರಡು ಕ್ಲಚ್ಚಿನ ಆಟೋಮ್ಯಾಟಿಕ್ ಗೇರ್‌ಬಾಕ್ಸ್), 60 ಸಾವಿರ ಕಿಲೋಮೀಟರ್ ಆಗಿದೆ, ಸರ್ವಿಸ್ ಎಸ್ಟಿಮೇಟ್ ನೋಡಿ ಗಾಬರಿ ಆಯ್ತು, ಮನೇಲೇ ಮಾಡ್ಕೋಬಹುದಾ ಅಂತ ಕೇಳಿದೀರ. ಮಾಡ್ಬಹುದು ಸಾರ್. ನಾನು ತುಮಕೂರಲ್ಲಿ ನಮ್ಮನೆ ಪೋರ್ಟಿಕೋದಲ್ಲಿ ಎರಡು ಸಲ ಮಾಡಿದೀನಿ, ಮೊದಲ್ನೇ ಸಲ ಮರ್ಯಾದೆ ಹೋಯ್ತು, ಎರಡನೇ ಸಲ ಸಲೀಸಾಗಿ ಆಯ್ತು.

ಮೊದ್ಲು ನಿಮ್ಮ ಗೇರ್‌ಬಾಕ್ಸ್ ಯಾವ್ದು ಅಂತ ಖಚಿತ ಮಾಡ್ಕೊಳ್ಳಿ. ಆರು ಗೇರಿಂದು ವೆಟ್ ಕ್ಲಚ್, ಅಂದ್ರೆ ಕ್ಲಚ್ ಪ್ಲೇಟುಗಳು ಆಯಿಲಲ್ಲೇ ಮುಳುಗಿರ್ತವೆ, ಅವು ಸವೆದ ಪುಡಿಯೆಲ್ಲ ಅದೇ ಆಯಿಲ್ಲಿಗೆ ಸೇರತ್ತೆ, ಅದೇ ಆಯಿಲ್ ಗೇರ್ ಬದಲಿಸೋ ಮೆಕಾಟ್ರಾನಿಕ್ಸ್ ಘಟಕದ ವಾಲ್ವುಗಳಿಗೂ ಹೋಗತ್ತೆ, ಅದಕ್ಕೇ 60 ಸಾವಿರಕ್ಕೊಂದ್ಸಲ ಫಿಲ್ಟರ್ ಸಮೇತ ಬದಲಾಯಿಸಿ ಅನ್ನೋದು. ಪೋಲೋ ಜಿಟಿ ಟಿಎಸ್‌ಐ ತರದ ಏಳು ಗೇರಿಂದು ಡ್ರೈ ಕ್ಲಚ್, ಅದಕ್ಕೆ ಈ ಲೆಕ್ಕ ನಡೆಯಲ್ಲ. ಹಾಗಂತ ಏಳು ಇದ್ರೆ ಡ್ರೈ ಅಂತಾನೂ ಅಲ್ಲ, ಕೊಡಿಯಾಕ್ 2.0 ಪೆಟ್ರೋಲಿಂದು ಏಳು ಗೇರ್, ಆದ್ರೆ ವೆಟ್ಟು.

ಮೊದಲ್ನೇ ಸಲದ ಕಥೆ ಹೇಳ್ತೀನಿ, ನಿಮಗಾದ್ರೂ ಉಪಯೋಗಕ್ಕೆ ಬರ್ಲಿ. ಕೆಳಗಿನ ಡ್ರೈನ್ ಬೋಲ್ಟ್ 14 ಎಂಎಂ ಆಲನ್ ಕೀಲಿ ಬಿಚ್ಚಿದೆ, ಟಬ್ ಇಟ್ಕೊಂಡು ಕಾಯ್ತಾ ಇದೀನಿ, ಒಂದು ಲೋಟದಷ್ಟು ಬಂತು, ನಿಂತೋಯ್ತು. ಅಯ್ಯೋ ಇಷ್ಟು ದಿನ ಗಾಡಿ ಆಯಿಲ್ಲೇ ಇಲ್ದೆ ಓಡ್ತಿತ್ತಾ ಅಂತ ಹೊಟ್ಟೆ ಕಿವುಚಿದಂಗಾಯ್ತು, ಬೋಲ್ಟ್ ಹಾಕ್ಬಿಟ್ಟು ಮೇಲಿಂದ ಹೊಸಾದು ಸುರಿಯೋಕೆ ಶುರು ಮಾಡ್ದೆ. ಮೂರು ಲೀಟರ್ ಹೋದ್ಮೇಲೆ ಯಾಕೋ ಅನುಮಾನ ಬಂದು ಅಂತರಸನಹಳ್ಳಿ ಕಡೆ ಗ್ಯಾರೇಜಲ್ಲಿರೋ ಸ್ನೇಹಿತನಿಗೆ ಫೋನ್ ಮಾಡ್ದೆ. ಅವನು ಕೇಳಿದ್ದು ಒಂದೇ, "ಒಳಗಿನ ಪೈಪ್ ಬಿಚ್ಚಿದ್ಯೇನೋ?" ಯಾವ ಪೈಪು! ಆ ಬೋಲ್ಟ್ ತೂತಿನೊಳಗೆ ಒಂದು ಪ್ಲಾಸ್ಟಿಕ್ ಪೈಪ್ ನಿಂತಿರತ್ತೆ, ಅದೇ ಲೆವೆಲ್ ಪೈಪು, ಅದರ ಬಾಯಿಗಿಂತ ಮೇಲಿರೋ ಆಯಿಲ್ ಅಷ್ಟೇ ಹೊರಗೆ ಬರೋದು. 8 ಎಂಎಂ ಆಲನ್ ಕೀ ತೂರಿಸಿ ಅದನ್ನೂ ಬಿಚ್ಚಿದೆ ನೋಡಿ, ಬೋರ್‌ವೆಲ್ಲಲ್ಲಿ ನೀರು ಬಿದ್ದಂಗೆ ಬಂತು, ಹೊಸಾದು ಹಳೇದು ಎಲ್ಲಾ ಬೆರೆತು, ಟಬ್ ತುಂಬಿ ಅಮ್ಮ ಬೆಳಗ್ಗೆ ಬಿಟ್ಟಿದ್ದ ರಂಗೋಲಿವರೆಗೂ ಹರೀತು. ಆ ಬೈಗುಳ ಇಲ್ಲಿ ಬರೆಯೋಕಾಗಲ್ಲ.

ವಾಪಸ್ ಹಾಕುವಾಗ ಆ ಪೈಪನ್ನ ಬಿಗಿಯಾಗಿ ತಿರುವ್ಬೇಡಿ, 3 ನ್ಯೂಟನ್ ಮೀಟರ್ (ಟಾರ್ಕ್ ವ್ರೆಂಚಲ್ಲಿ ನೋಡೋ ಬಿಗಿತದ ಅಳತೆ) ಸಾಕು, ಪ್ಲಾಸ್ಟಿಕ್ ಅದು. ಹೊರಗಿನ ಬೋಲ್ಟಿಗೆ 45, ವಾಷರ್ ಹೊಸಾದು.

ಫಿಲ್ಟರ್ ಮೇಲ್ಗಡೆ ಇರತ್ತೆ, ಬ್ಯಾಟರಿ ಮತ್ತೆ ಅದರ ಟ್ರೇ ಎತ್ತಿದ್ರೆ ಕೈಗೆ ಸಿಗತ್ತೆ, 24ರ ಸಾಕೆಟ್ಟು. ಸುರಿಯೋದೂ ಅದೇ ತೂತಿಂದ, ಉದ್ದ ಪೈಪ್ ಹಾಕಿರೋ ಆಲಿಕೆ ಇಟ್ಕೊಂಡು ನಿಧಾನಕ್ಕೆ. ಅದಾದ್ಮೇಲೆ ಹೊಸ ಫಿಲ್ಟರ್ ಮೂತಿ ಕೆಳಗೆ ಮಾಡಿ ಕೂರ್ಸಿ, ಮುಚ್ಚಳದ ರಬ್ಬರ್ ರಿಂಗ್ ಬದಲಾಯಿಸಿ. ಗೇರ್‌ಬಾಕ್ಸಲ್ಲಿ ಒಟ್ಟು 7 ಲೀಟರ್ ಮೇಲಿದ್ರೂ ಇಳಿಯೋದು ಸುಮಾರು 5, ಹಳೇದನ್ನ ನೀರಿನ ಬಾಟಲಲ್ಲಿ ಅಳೀರಿ, ಅದಕ್ಕಿಂತ ಅರ್ಧ ಲೀಟರ್ ಜಾಸ್ತಿನೇ ಹಾಕಿ. ಯಾಕಂದ್ರೆ ಆಮೇಲೆ ಎಂಜಿನ್ ಓಡ್ತಾ ಇರುವಾಗ ಕಮ್ಮಿ ಆಯ್ತು ಅಂತ ಆ ಮುಚ್ಚಳ ತೆಗೆದ್ರೆ ಆಯಿಲ್ ಮುಖಕ್ಕೇ ಚಿಮ್ಮತ್ತೆ.

ಅಸಲಿ ಕೆಲಸ ಇರೋದು ಲೆವೆಲ್ ನೋಡೋದ್ರಲ್ಲಿ, ಡಿಪ್‌ಸ್ಟಿಕ್ ಇಲ್ವಲ್ಲ. ಬ್ಯಾಟರಿ ಕೂರ್ಸಿ, ಎಂಜಿನ್ ಸ್ಟಾರ್ಟ್ ಮಾಡಿ, ಬ್ರೇಕ್ ಒತ್ಕೊಂಡು ಪಿ ಇಂದ ಎಲ್ಲಾ ಗೇರಿಗೂ ಮೂರು ಮೂರು ಸೆಕೆಂಡ್ ಹಾಕಿ ವಾಪಸ್ ಪಿಗೆ ತನ್ನಿ. ಎಂಜಿನ್ ಓಡ್ತಾ ಇರ್ಲಿ, ಗೇರ್‌ಬಾಕ್ಸ್ ಆಯಿಲ್ 35ರಿಂದ 45 ಡಿಗ್ರಿ ಒಳಗಿರುವಾಗ ಕೆಳಗಿನ ಬೋಲ್ಟ್ ಬಿಚ್ಚಿ, ಪೈಪ್ ಮುಟ್ಬೇಡಿ, ಜಾಸ್ತಿ ಇರೋದು ಹರಿದು ಹೋಗಿ ತೊಟ್ಟು ತೊಟ್ಟಾಗಿ ಬೀಳೋಕೆ ಶುರು ಆದ ತಕ್ಷಣ ಮುಚ್ಚಿ. 45 ದಾಟಿದ್ಮೇಲೆ ನೋಡಿದ್ರೆ ಆಯಿಲ್ ಹಿಗ್ಗಿ ಬೇಕಾಗಿದ್ದೂ ಹೊರಗೆ ಹೋಗತ್ತೆ, ತಣ್ಣಗಿರುವಾಗ ನೋಡಿದ್ರೆ ಓವರ್‌ಫಿಲ್ ಆಗತ್ತೆ. ಈ ಟೆಂಪರೇಚರ್ ಓದೋಕೆ ಗೇರ್‌ಬಾಕ್ಸ್ ಕಂಪ್ಯೂಟರ್ ಜೊತೆ ಮಾತಾಡೋ ಸ್ಕ್ಯಾನರ್ರೇ ಬೇಕು, ಅಗ್ಗದ ಬ್ಲೂಟೂತ್ ಡಾಂಗಲ್ ಬಹಳಷ್ಟು ಬರೀ ಎಂಜಿನ್ ಲೆಕ್ಕ ತೋರಿಸ್ತವೆ. ಸ್ಕ್ಯಾನರ್ ಸಿಗ್ಲಿಲ್ಲ ಅಂದ್ರೆ ಈ ಕೆಲಸಕ್ಕೆ ಕೈ ಹಾಕ್ಲೇಬೇಡಿ, ಅಂದಾಜಲ್ಲಿ ಆಗೋದಲ್ಲ.

ನಮ್ಮೂರಲ್ಲಿ ಏಪ್ರಿಲ್ ಮಧ್ಯಾಹ್ನ ಹೊರಗೇ 36 ಡಿಗ್ರಿ ಇರತ್ತೆ, ಹಂಗಾಗಿ ಬೆಳಗ್ಗೆ ಬೇಗ ಶುರು ಮಾಡಿ. ಅದೇ ಕಾರಲ್ಲಿ ಕ್ಯಾತ್ಸಂದ್ರಕ್ಕೆ ತಟ್ಟೆ ಇಡ್ಲಿಗೆ ಹೋಗ್ಬಂದು ಬಾನೆಟ್ ಎತ್ತಬೇಡಿ, ಆಯಿಲ್ ಆಗ್ಲೇ ಕಾದಿರತ್ತೆ. ನಡ್ಕೊಂಡ್ ಹೋಗಿ.

ಇನ್ನೊಂದು, ಗಾಡಿ ಸಮಮಟ್ಟದಲ್ಲಿ ನಿಂತಿರ್ಬೇಕು. ಪೋರ್ಟಿಕೋಗಳೆಲ್ಲ ನೀರು ಹರಿಲಿ ಅಂತ ಗೇಟ್ ಕಡೆ ಇಳಿಜಾರು ಮಾಡಿರ್ತಾರೆ, ಕಣ್ಣಿಗೆ ಕಾಣಲ್ಲ, ನಾನು ಮಗನ ಗೋಲಿ ಇಟ್ಟು ನೋಡ್ದೆ, ಸೀದಾ ರೋಡಿಗೆ ಓಡ್ತು. ಎರಡನೇ ಸಲ ಗಾರೆ ಮೇಸ್ತ್ರಿ ಹತ್ರ ರಸಮಟ್ಟ ಇಸ್ಕೊಂಡು, ನಾಲ್ಕು ಕಡೆನೂ ಸ್ಟ್ಯಾಂಡ್ ಕೊಟ್ಟು ಸರಿ ಮಾಡ್ದೆ. ಬರೀ ಜಾಕ್ ಮೇಲೆ ನಿಂತಿರೋ ಗಾಡಿ ಕೆಳಗೆ ಮಾತ್ರ ತಲೆ ಹಾಕ್ಬೇಡಿ. ಪರಿಚಯದ ಗ್ಯಾರೇಜಲ್ಲಿ ಗುಂಡಿ ಇದ್ರೆ ಭಾನುವಾರ ಕೇಳ್ಕೊಂಡು ಮಾಡೋದು ಇನ್ನೂ ಒಳ್ಳೇದು.

ಆಯಿಲ್ ಫೋಕ್ಸ್‌ವ್ಯಾಗನ್ ಕಂಪನಿಯ ಜಿ 052 182 ನಂಬರಿಗೆ ಹೊಂದೋದೇ ತಗೊಳ್ಳಿ, ಆರು ಲೀಟರ್. ಅಂಗಡಿಯವ್ರು ಎಟಿಎಫ್ (ಆಟೋಮ್ಯಾಟಿಕ್ ಗೇರ್‌ಬಾಕ್ಸ್ ಆಯಿಲ್) ಎಲ್ಲಾ ಒಂದೇ ಸಾರ್ ಅಂದ್ರೆ ಮುಂದಿನ ಅಂಗಡಿಗೆ ಹೋಗಿ. ಬದಲಾಯಿಸಿದ್ಮೇಲೆ ಗಾಡಿ ಹಾರತ್ತೆ ಅನ್ಕೋಬೇಡಿ, ನನಗೆ ಟ್ರಾಫಿಕ್ಕಲ್ಲಿ ಎರಡರಿಂದ ಒಂದಕ್ಕೆ ಇಳಿಯೋದು ಸ್ವಲ್ಪ ನಯ ಆಯ್ತು, ಅಷ್ಟೇ. ಹಳೇ ಆಯಿಲ್ ಮೋರಿಗೆ ಸುರಿಬೇಡಿ, ಗ್ಯಾರೇಜವ್ರು ವೇಸ್ಟ್ ಆಯಿಲ್ ಡ್ರಮ್ಮಿಗೆ ಹಾಕ್ಕೋತಾರೆ. ನಂದು ಊರಿಂದ ಬಂದ ಮಾವನ ಕಣ್ಣಿಗೆ ಬಿತ್ತು, ಬೇಲಿ ಕಂಬಕ್ಕೆ ಗೆದ್ದಲು ಹಿಡಿಯಲ್ಲ ಅಂತ ಐದು ಬಾಟಲೂ ಬಸ್ಸಲ್ಲಿ ಹೊತ್ಕೊಂಡ್ ಹೋದ್ರು.