ಪಿಂಗ್‌ಗೆ "ಓ" ಅಂದದ್ದು ಸರ್ವರ್ ಅಲ್ಲ, ಕ್ಯಾಮೆರಾ ಡಬ್ಬ

ಆರು ಸರ್ವರ್ ಐಪಿಗಳಿಗೆ (ನೆಟ್‌ವರ್ಕ್‌ನಲ್ಲಿ ಅವುಗಳ ವಿಳಾಸ) ಪಿಂಗ್ ಹೆಲ್ತ್ ಚೆಕ್, ಅಂದರೆ "ಇದ್ದೀಯಾ?" ಅಂತ ಆಗಾಗ ಕರೆದು ಉತ್ತರ ಬರುತ್ತದಾ ಅಂತ ನೋಡುವ ವ್ಯವಸ್ಥೆ ಹಾಕಬೇಕು, 10 ಸೆಕೆಂಡಿಗೊಮ್ಮೆ ಇಡಲೋ 60 ಸೆಕೆಂಡಿಗೊಮ್ಮೆ ಇಡಲೋ ಅಂತ ಕೇಳಿದ್ದೀರಿ. ನಾನೂ ಇದೇ ಲೆಕ್ಕದಲ್ಲಿ ಒಂದು ವಾರ ತಲೆ ಕೆಡಿಸಿಕೊಂಡವನು. 60 ಇಡಿ, ಮುಗೀತು. ನನಗೆ ಪೆಟ್ಟು ಬಿದ್ದದ್ದು ಬೇರೆ ಕಡೆ.

ದಾವಣಗೆರೆ ಎಪಿಎಂಸಿ ಹತ್ತಿರ ಒಬ್ಬ ಮೆಕ್ಕೆಜೋಳ ವ್ಯಾಪಾರಿಯ ಗೋಡೌನ್‌ನಲ್ಲಿ ಕಂಪ್ಯೂಟರ್ ಕೆಲಸ ನೋಡಿಕೊಳ್ಳುತ್ತಿದ್ದೆ. ವೇಬ್ರಿಡ್ಜ್ ಪಕ್ಕದ ಸಣ್ಣ ರೂಮಿನಲ್ಲಿ ಒಂದು ವಿಂಡೋಸ್ ಸರ್ವರ್. ಲಾರಿ ತೂಕವಾದ ಕೂಡಲೇ ಬಿಲ್ ಅದರಿಂದಲೇ ಬರಬೇಕು. ಐಪಿ 192.168.1.50. ಅದರ ಪಕ್ಕ ಒಂದು ರಾಸ್‌ಬೆರಿ ಪೈ (ಅಂಗೈಯಗಲದ ಕಂಪ್ಯೂಟರ್) ಇಟ್ಟು ಸ್ಕ್ರಿಪ್ಟ್ ಬರೆದಿದ್ದೆ. ನಿಮಿಷಕ್ಕೊಂದು ಪಿಂಗ್. ಸತತ ಮೂರು ಸಲ ಉತ್ತರ ಬರದಿದ್ದರೆ ನನ್ನ ಮೊಬೈಲ್‌ಗೆ ಮೆಸೇಜ್. ಒಂದೆರಡು ಪಿಂಗ್ ತಪ್ಪಿದ್ದಕ್ಕೆಲ್ಲ ನಿದ್ದೆ ಕೆಡಬಾರದು ಅಂತ ಈ ಮೂರರ ಲೆಕ್ಕ. ಬಹಳ ಜಾಣ ಕೆಲಸ ಮಾಡಿದೆ ಅಂದುಕೊಂಡಿದ್ದೆ.

ಸುಗ್ಗಿಯ ಸಮಯ. ಬೆಳಿಗ್ಗೆ ಆರೂವರೆಗೆ ಗುಮಾಸ್ತರ ಫೋನ್. "ಬಿಲ್ ಬರವಲ್ದು ರೀ, ಲಾರಿ ನಿಂತಾವ." ಮೊಬೈಲ್ ನೋಡಿದೆ, ಮೆಸೇಜ್ ಇಲ್ಲ. ಮನೆಯಿಂದಲೇ ಪೈಗೆ ಲಾಗಿನ್ ಆಗಿ ಪಿಂಗ್ ಹೊಡೆದೆ. ಉತ್ತರ ಬಂತು, ಒಂದು ಮಿಲಿಸೆಕೆಂಡಿನೊಳಗೆ. "ಸರ್ವರ್ ಚೆನ್ನಾಗಿದೆ ರೀ, ಇಲ್ಲಿ ಹಸಿರು ತೋರಿಸ್ತಿದೆ. ನಿಮ್ಮ ಪ್ರಿಂಟರ್ ನೋಡಿ" ಅಂದೆ. ಅವರು ಪ್ರಿಂಟರ್ ಆಫ್ ಮಾಡಿ ಆನ್ ಮಾಡಿದರು. ಕೇಬಲ್ ಕಿತ್ತು ಹಾಕಿದರು. ಮತ್ತೆ ಫೋನ್. ನಾನು ಮತ್ತೆ ಪಿಂಗ್, ಮತ್ತೆ ಹಸಿರು. ಹೀಗೇ ಎಂಟೂವರೆವರೆಗೆ ಅವರ ಜೊತೆ ವಾದ ಮಾಡಿದೆ. ಎರಡು ತಾಸು! ಕೊನೆಗೆ ಸಾಹುಕಾರರೇ ಫೋನ್ ಮಾಡಿದಾಗ ನಿಟುವಳ್ಳಿಯಿಂದ ಬೈಕ್ ಹತ್ತಿದೆ.

ಹೋಗಿ ನೋಡಿದರೆ ಸರ್ವರ್ ಆಫ್. ಫ್ಯಾನ್ ಸದ್ದೂ ಇಲ್ಲ.

ಇಲ್ಲಿ ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ನೀವೂ ಇದನ್ನೇ ಮಾಡಿರುವ ಸಾಧ್ಯತೆ ಜಾಸ್ತಿ. ಸರ್ವರ್‌ಗೆ .50 ಅಂತ ಐಪಿಯನ್ನು ನಾನು ಸರ್ವರ್‌ನಲ್ಲೇ ಕೈಯಾರೆ ಹಾಕಿದ್ದೆ. ರೂಟರ್‌ಗೆ ಹೇಳಿರಲಿಲ್ಲ. ರೂಟರ್‌ನ ಡಿಎಚ್‌ಸಿಪಿ ಪೂಲ್, ಅಂದರೆ ಕೇಳಿದವರಿಗೆ ಅದು ತಾನೇ ಹಂಚುವ ಐಪಿ ನಂಬರ್‌ಗಳ ಸಾಲು, 2ರಿಂದ 254ರವರೆಗೆ ಇತ್ತು. ಅಂದರೆ .50 ಕೂಡ ಅದು ಯಾರಿಗೆ ಬೇಕಾದರೂ ಹಂಚಬಹುದಾದ ನಂಬರ್. ಒಂದೂವರೆ ವರ್ಷ ಏನೂ ಆಗಲಿಲ್ಲ. ಸರ್ವರ್ ಯಾವಾಗಲೂ ಆನ್ ಇರುತ್ತಿತ್ತು. ನಂಬರ್ ಕೊಡುವ ಮುಂಚೆ ರೂಟರ್ ಒಮ್ಮೆ ಕರೆದು ನೋಡುತ್ತಿತ್ತು, .50ರಿಂದ ಉತ್ತರ ಬರುತ್ತಿತ್ತು, ಹಾಗಾಗಿ ಅದನ್ನು ಮುಟ್ಟುತ್ತಿರಲಿಲ್ಲ. ಆ ರಾತ್ರಿ ಕರೆಂಟ್ ಹೋಯಿತು, ಯುಪಿಎಸ್ ಬ್ಯಾಟರಿ ಕೈಕೊಟ್ಟಿತು, ಎಲ್ಲವೂ ಒಟ್ಟಿಗೆ ಆಫ್. ಕರೆಂಟ್ ಬಂದಾಗ ರೂಟರ್, ಪೈ, ಸಿಸಿಟಿವಿಯ ಡಿವಿಆರ್ (ಕ್ಯಾಮೆರಾ ದೃಶ್ಯ ರೆಕಾರ್ಡ್ ಮಾಡುವ ಡಬ್ಬ) ಮೂರೂ ತಾವಾಗಿಯೇ ಎದ್ದವು. ಸರ್ವರ್ ಏಳಲಿಲ್ಲ, ಕರೆಂಟ್ ಬಂದಾಗ ತಾನೇ ಆನ್ ಆಗುವ ಸೆಟ್ಟಿಂಗ್ ಬಯೋಸ್‌ನಲ್ಲಿ ಹಾಕಿರಲಿಲ್ಲ. ಹಳೇ ಲೆಕ್ಕವೆಲ್ಲ ಮರೆತಿದ್ದ ರೂಟರ್‌ನ ಹತ್ತಿರ ಡಿವಿಆರ್ ಐಪಿ ಕೇಳಿತು. .50 ಖಾಲಿ ಕಂಡಿತು, ಕೊಟ್ಟುಬಿಟ್ಟಿತು. ಇದಕ್ಕೆ ಹಿಡಿದದ್ದು ಎರಡು ನಿಮಿಷ. ನನ್ನ ಸ್ಕ್ರಿಪ್ಟ್ ಎರಡು ಪಿಂಗ್ ತಪ್ಪಿದ್ದನ್ನು ಬರೆದುಕೊಂಡಿತು, ಮೂರನೆಯದಕ್ಕೆ ಡಿವಿಆರ್ "ಓ" ಅಂದಿತು. ಮೆಸೇಜ್ ಎಲ್ಲಿಂದ ಬರಬೇಕು?

ಕಥೆ ಅಲ್ಲಿಗೂ ಮುಗಿಯಲಿಲ್ಲ. ಸರ್ವರ್ ಆನ್ ಮಾಡಿದೆ. ಈ ಐಪಿ ಬೇರೆಯವರ ಹತ್ತಿರ ಇದೆ ಅಂತ ವಿಂಡೋಸ್ ತಗಾದೆ ತೆಗೆದು 169.254 ಅಂತ ಯಾವುದೋ ವಿಳಾಸ ಹಾಕಿಕೊಂಡು ಕೂತಿತು. ಬಿಲ್ ಇನ್ನೂ ಇಲ್ಲ. ಬ್ರೌಸರ್‌ನಲ್ಲಿ 192.168.1.50 ಹೊಡೆದಾಗ ಕ್ಯಾಮೆರಾದ ಲಾಗಿನ್ ಪೇಜ್ ಬಂತು. ಆಗ ತಲೆ ಎತ್ತಿ ಗೋಡೆಯ ಟಿವಿ ನೋಡಿದೆ. ಗೇಟಿನಿಂದ ರಸ್ತೆವರೆಗೆ ಲಾರಿ ಸಾಲು, ಟಾರ್ಪಾಲಿನ್ ಮೇಲೆ ಕೂತ ಹಮಾಲರು. ಬೆಳಗಿನಿಂದ ನನ್ನ ಪಿಂಗ್‌ಗೆಲ್ಲ "ಚೆನ್ನಾಗಿದೀನಿ" ಅಂತಿದ್ದ ಡಬ್ಬವೇ ಆ ಸಾಲನ್ನು ಟಿವಿಗೆ ತೋರಿಸುತ್ತಿತ್ತು.

ಲಾಗ್ ತೆಗೆದು ನೋಡಿದರೆ ಸುಳಿವು ಕಣ್ಣ ಮುಂದೆಯೇ ಇತ್ತು. ಹಿಂದಿನ ರಾತ್ರಿವರೆಗೆ ಪ್ರತಿ ಸಾಲಿನಲ್ಲೂ ಟಿಟಿಎಲ್ (ಪಿಂಗ್ ಉತ್ತರದ ಜೊತೆ ಬರುವ ಒಂದು ಎಣಿಕೆ) 128. ರಾತ್ರಿ 2.47ರ ನಂತರ ಟಿಟಿಎಲ್ 64. ವಿಂಡೋಸ್ ಸಾಮಾನ್ಯವಾಗಿ 128ರಿಂದ ಶುರು ಮಾಡುತ್ತದೆ, ಲಿನಕ್ಸ್ 64ರಿಂದ. ಬಹಳಷ್ಟು ಡಿವಿಆರ್‌ಗಳ ಒಳಗೆ ಇರುವುದು ಲಿನಕ್ಸೇ. ಉತ್ತರ ಬಂತಾ ಅಂತ ನೋಡಿದೆನೇ ಹೊರತು ಯಾರು ಉತ್ತರ ಕೊಟ್ಟರು ಅಂತ ನೋಡಲಿಲ್ಲ.

ಹಾಗಾಗಿ "ಪಿಂಗ್ ಹೆಲ್ತ್ ಚೆಕ್" ಅನ್ನುವ ಮಾತನ್ನೇ ನಾನು ಒಪ್ಪುವುದಿಲ್ಲ. 1983ರಲ್ಲಿ ಮೈಕ್ ಮೂಸ್ ಪಿಂಗ್ ಬರೆದದ್ದು ನೆಟ್‌ವರ್ಕ್ ತೊಂದರೆ ಹುಡುಕಲು. ಅಷ್ಟಕ್ಕೆ ಅದು ಈಗಲೂ ಚಿನ್ನದಂಥದ್ದು. ಆದರೆ ಪಿಂಗ್‌ಗೆ ಉತ್ತರ ಕೊಡುವುದು ಆಪರೇಟಿಂಗ್ ಸಿಸ್ಟಂನ ತಿರುಳಾದ ಕರ್ನಲ್, ನಿಮ್ಮ ಸಾಫ್ಟ್‌ವೇರ್ ಅಲ್ಲ. ಡಿಸ್ಕ್ ತುಂಬಿ ಡೇಟಾಬೇಸ್ ನಿಂತಿದ್ದರೂ ಪಿಂಗ್ ಬರುತ್ತದೆ. ಉಲ್ಟಾನೂ ಆಗುತ್ತದೆ. ಅಮೆಜಾನ್ ಕ್ಲೌಡ್‌ನಲ್ಲಿ ಹೊಸ ಸೆಕ್ಯುರಿಟಿ ಗ್ರೂಪ್ (ಯಾವುದನ್ನು ಒಳಗೆ ಬಿಡಬೇಕು ಅನ್ನುವ ನಿಯಮಗಳ ಪಟ್ಟಿ) ಮಾಡಿ ಐಸಿಎಂಪಿ (ಪಿಂಗ್ ಬಳಸುವ ಸಂದೇಶದ ಬಗೆ) ಬಿಡದಿದ್ದರೆ ಸೈಟ್ ಓಡುತ್ತಿದ್ದರೂ ಪಿಂಗ್ ಬರಲ್ಲ. ಸೈಟ್ ಹೆಸರನ್ನು ಐಪಿಗೆ ಜೋಡಿಸುವ ಅವರದೇ ರೂಟ್ 53 ಸೇವೆಯ ಹೆಲ್ತ್ ಚೆಕ್‌ನಲ್ಲಿ ಎಚ್‌ಟಿಟಿಪಿ, ಎಚ್‌ಟಿಟಿಪಿಎಸ್, ಟಿಸಿಪಿ ಇವೆ, ಪಿಂಗ್ ಇಲ್ಲವೇ ಇಲ್ಲ.

ನಾನು ಈಗ ಮಾಡುವುದು ಇಷ್ಟು. ಪಿಂಗ್ ಅನ್ನು ರೂಟರ್, ಸ್ವಿಚ್, ಲೈನ್ ನೋಡುವುದಕ್ಕೆ ಮಾತ್ರ ಇಟ್ಟಿದ್ದೇನೆ. ಬಿಲ್ಲಿಂಗ್ ಸರ್ವರ್‌ಗೆ ಡೇಟಾಬೇಸ್‌ನ ಪೋರ್ಟ್ 1433 (ಅದು ಕಾದು ಕೂತಿರುವ ಬಾಗಿಲ ನಂಬರ್) ತಟ್ಟಿ, ಒಳಗೆ ಲಾಗಿನ್ ಆಗಿ, ಒಂದು ಸಣ್ಣ ಕ್ವೆರಿ (ಡೇಟಾಬೇಸ್‌ಗೆ ಕೇಳುವ ಪ್ರಶ್ನೆ) ಓಡಿಸಿ ಕೊನೆಯ ಬಿಲ್ ನಂಬರ್ ತರಿಸುತ್ತೇನೆ. ಯಾವ ಡಿವಿಆರ್ ಬಂದರೂ ಬಿಲ್ ನಂಬರ್ ಹೇಳಲಾರದು. ಪೋರ್ಟ್ ತೆರೆದಿದೆಯಾ ಅಂತ ಮಾತ್ರ ನೋಡಿ ಸುಮ್ನೆ ಬಿಡುವುದೂ ನನಗೆ ಅರ್ಧ ಕೆಲಸ ಅನ್ನಿಸುತ್ತದೆ, ಆದರೂ ಪಿಂಗ್‌ಗಿಂತ ಎಷ್ಟೋ ವಾಸಿ. ಇನ್ನೊಂದು ಪೈಯನ್ನು ಮನೆಯಲ್ಲಿಟ್ಟಿದ್ದೇನೆ. ಗೋಡೌನ್‌ನ ಪೈ ಐದು ನಿಮಿಷ ಮಾತಾಡದಿದ್ದರೆ ಇದು ಕೂಗುತ್ತದೆ.

ನಿಮ್ಮ ಆರು ಸರ್ವರ್‌ಗಳಲ್ಲಿ ಏನೇನು ಓಡುತ್ತಿದೆ ಅಂತ ನೀವು ಬರೆದೇ ಇಲ್ಲ. ಅದನ್ನು ಹೇಳಿದರೆ ಯಾವುದಕ್ಕೆ ಏನು ಕೇಳಬೇಕು ಅಂತ ಹೇಳಬಹುದು. ಅದಕ್ಕೆ ಮೊದಲು ಇವತ್ತೇ ರೂಟರ್ ಪೇಜ್ ತೆಗೆದು ಡಿಎಚ್‌ಸಿಪಿ ಪೂಲ್ ಎಲ್ಲಿಂದ ಎಲ್ಲಿಯವರೆಗೆ ಇದೆ ನೋಡಿ. ಆರರಲ್ಲಿ ಒಂದು ಅದರೊಳಗೆ ಸಿಕ್ಕಿದರೂ ಪೂಲ್ 100ರಿಂದ ಶುರುವಾಗುವಂತೆ ಮಾಡಿ, ಸರ್ವರ್‌ಗಳನ್ನು ಅದರ ಕೆಳಗಿನ ನಂಬರ್‌ಗಳಲ್ಲಿ ಇಡಿ.

ಆ ಗುಮಾಸ್ತರು ಈಗಲೂ ನನಗೆ ಫೋನ್ ಮಾಡಿದರೆ ನಮಸ್ಕಾರ ಅನ್ನುವುದಿಲ್ಲ. "ಏನ್ರೀ, ಹಸಿರು ಐತಾ?" ಅಂತಲೇ ಶುರು ಮಾಡುತ್ತಾರೆ.